ನಾಗರಾಜಪ್ಪನ ಅರ್ಧ ಮೀಸೆ

ಕಾರ್ಗಲ್‌ನ ನಾಗರಾಜಪ್ಪ ಅಣೆಕಟ್ಟೆಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಅವನ ಹೆಸರು ಮರೆತವರಿಗೂ ಮೀಸೆ ನೆನಪಿರುತ್ತದೆ. ಅವನ ಜೊತೆಗೇ ಕೆಲಸಕ್ಕೆ ಸೇರಿದ ಶಿವರಾಮನಿಗೂ ಮೀಸೆಯಿದೆ. ಪ್ರತಿ ಲೋಕಸಭಾ ಚುನಾವಣೆಗೂ ಇಬ್ಬರದೂ ಒಂದೇ ಬಾಜಿ: ಯಾರ ಪಕ್ಷ ಸೋಲುತ್ತದೋ ಅವನು ಅರ್ಧ ಮೀಸೆ ಬೋಳಿಸಿಕೊಂಡು ಎಂಟು ದಿನ ಪೇಟೆ ತಿರುಗಬೇಕು. ಉಳಿದರ್ಧವನ್ನು ಗೆದ್ದವನೇ ಕೈಯಾರೆ ತೆಗೆಯಬೇಕು.

ಈ ಸಲ ಪ್ರಚಾರದ ಹೊತ್ತಿಗೆ ಮಾತು ಮೀರಿತು. ಕೊಡೆ ಗುರುತಿನ ಪಕ್ಷದ ನಾಗರಾಜಪ್ಪ, ಏಣಿ ಗುರುತಿನ ಶಿವರಾಮನಿಗೆ ಹೋಟೆಲಿನಲ್ಲಿ ಎಲ್ಲರೆದುರು ದೇಶದ್ರೋಹಿ ಎಂದುಬಿಟ್ಟ. ಶಿವರಾಮ ಅರ್ಧ ಚಾ ಬಿಟ್ಟು ಎದ್ದು ಹೋದ. ಆಮೇಲೆ ಎರಡು ತಿಂಗಳು ಮಾತಿಲ್ಲ.

ಫಲಿತಾಂಶ ಬಂತು. ನಮ್ಮ ಕ್ಷೇತ್ರದಲ್ಲಿ ಗೆದ್ದದ್ದು ಕೊಡೆ. ದೇಶದಲ್ಲಿ ಹೆಚ್ಚು ಸೀಟು ಏಣಿಗೆ, ಆದರೆ ಬಹುಮತ ಯಾರಿಗೂ ಇಲ್ಲ. ನಾಲ್ಕನೇ ದಿನ ಎರಡೂ ಪಕ್ಷದ ನಾಯಕರು ಟಿವಿಯಲ್ಲಿ ತಬ್ಬಿಕೊಂಡು, ಒಟ್ಟಿಗೆ ಸರ್ಕಾರ ಮಾಡುತ್ತೇವೆ ಎಂದರು.

“ಹಂಗಾದ್ರೆ ನಾ ಗೆದ್ನಾ, ಸೋತ್ನಾ?” ನಾಗರಾಜಪ್ಪ ಹೆಂಡತಿ ಕೆರಿಯಮ್ಮನನ್ನು ಕೇಳಿದ.

“ನನಗೇನ್ ಗೊತ್ತು? ಅವ್ರು ತಬ್ಕಂಡ್ರು. ನೀವಿಬ್ರು ಮಾತ್ರ ಮುಖ ತಿರುಗಿಸ್ಕಂಡ್ ಕೂತೀರಿ” ಎಂದಳು ಆಕೆ.

ಸತೀಶನ ಸಲೂನಿನಲ್ಲಿ ನಾವೂ ತಲೆ ಕೆರೆದುಕೊಂಡೆವು. ಇಬ್ಬರೂ ಬೋಳಿಸಲಿ ಎಂದರು ಕೆಲವರು, ಯಾರೂ ಬೇಡ ಎಂದರು ಕೆಲವರು. ನನಗಂತೂ ಸಿಟ್ಟೇ ಬಂತು. ಎರಡು ಕೋಣ ಗುದ್ದಾಡಿದರೆ ಗಿಡಕ್ಕೆ ಪೆಟ್ಟು ಅನ್ನುತ್ತಾರೆ. ಕೋಣಗಳು ರಾಜಿಯಾದರೂ ಗಿಡವನ್ನು ಕೇಳುವವರಿಲ್ಲ.

ಮರುದಿನ ಬೆಳಿಗ್ಗೆ ನಾಗರಾಜಪ್ಪ ಬಂದು ಸಲೂನಿನ ಕುರ್ಚಿಯಲ್ಲಿ ಕೂತ. “ಅರ್ಧ ತೆಗಿ” ಎಂದ.

“ಸೋತಿದ್ದು ನೀವಾ?” ಸತೀಶ ಕತ್ತಿ ಹಿಡಿದು ನಿಂತೇ ಇದ್ದ.

“ಗೊತ್ತಿಲ್ಲ ಮಾರಾಯ. ಅವನ ಮನೆಗೆ ಹೋಗಕ್ಕೆ ನಂಗೊಂದು ನೆಪ ಬೇಕು.”

ಅರ್ಧ ಮೀಸೆ ಹೊತ್ತು ಅವನು ಶಿವರಾಮನ ಮನೆ ಕಡೆ ನಡೆದ. ಸಲೂನಿನಲ್ಲೇ ಕೂತಿದ್ದ ನಾನೂ ತಡೆಯಲಾರದೆ ಹಿಂದೆ ಹೋದೆ. ಶಿವರಾಮ ಬಾಗಿಲಿಗೆ ಬಂದು ಆ ಅರ್ಧ ಮೀಸೆ ನೋಡಿದ, ನಗಲಿಲ್ಲ.

“ಹೋಟೆಲಲ್ಲಿ ನಾ ಹಂಗ್ ಅನ್ಬಾರ್ದಿತ್ತು ಕಣಾ” ಎಂದ ನಾಗರಾಜಪ್ಪ. “ಉಳಿದಿದ್ದು ನೀನೇ ತೆಗಿ.”

“ಎಂಟು ದಿನ ಆಗ್ಲಿಲ್ಲ.”

“ಎರಡು ತಿಂಗಳಾತಲ್ಲ.”

ಶಿವರಾಮ ಒಳಗೆ ಹೋಗಿ ರೇಜರ್ ತಂದ. ಎಡಗೈಯಲ್ಲಿ ನಾಗರಾಜಪ್ಪನ ಗಲ್ಲ ಹಿಡಿದ.

“ಅಲ್ಲಾಡ್ಬ್ಯಾಡ” ಎಂದ.