ತಣ್ಣನೆಯ ತಟ್ಟೆ ಕಳಿಸದ ತಬಾವಾ

ಮುಂಜಾವದ ಬಾಂಗಿಗೆ ಇನ್ನೂ ಸ್ವಲ್ಪ ಹೊತ್ತಿದೆ. ಆಸ್ಪತ್ರೆಯ ಅಡುಗೆಮನೆಯ ಹಿಂದಿನ ಕೋಣೆಯಲ್ಲಿ ಪಾತ್ರೆ ತೊಳೆಯುವ ಯಂತ್ರದ ಬಾಗಿಲು ಮೇಲೇಳುತ್ತದೆ. ನುಗ್ಗಿ ಬಂದ ಹಬೆಯೊಳಗೆ ಕೈ ಹಾಕಿ ತಬಾವಾ ಒಂದು ಸ್ಟೀಲ್ ತಟ್ಟೆ ಎತ್ತಿಕೊಳ್ಳುತ್ತಾರೆ. ಎರಡು ಅಂಗೈಗಳ ನಡುವೆ ಅದನ್ನು ಹಿಡಿದು ಮೆಲ್ಲಗೆ ಪದ್ಯ ಶುರುಮಾಡುತ್ತಾರೆ. ಕೈಯ ಸಾಲು, ಬಾಯಿಯ ಸಾಲು, ಮೂಗಿನ ಸಾಲು... ಅಷ್ಟರಲ್ಲಿ ತಟ್ಟೆ ಠಣ್ಣೆಂದು ಮೇಜಿನ ಮೇಲೆ ಬೀಳುತ್ತದೆ.

"ಸುಡ್ತು. ಹೋಗ್ಲಿ, ಮಕ್ಕಳಿಗೆ ಹೋಗ್ಲಿ," ಎನ್ನುತ್ತಾ ಅಂಗೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾರೆ.

ಅದು ನಮ್ಮ ಜಾರಿಯಾ ಊರಿನ ಹಳೇ ಕೋಟೆಯೊಳಗಿನ ಮಕ್ಕಳೆಲ್ಲ ಓದು ಬರುವ ಮೊದಲೇ ಬಾಯಿಪಾಠ ಕಲಿಯುವ ಪದ್ಯ. ನಮಾಜಿಗೆ ಮುಂಚೆ ಮೈ ಶುದ್ಧ ಮಾಡಿಕೊಳ್ಳುವ ಕ್ರಮ ಅದರಲ್ಲಿದೆ: ಕೈ, ಬಾಯಿ, ಮೂಗು, ಮುಖ, ಮೊಳಕೈ, ತಲೆ, ಕಿವಿ, ಕೊನೆಗೆ ಪಾದ. ಎಂಟು ಸಾಲು. ತಬಾವಾ ಅದನ್ನೇ ಅಳತೆಗೋಲು ಮಾಡಿಕೊಂಡಿದ್ದಾರೆ. ಮುಖದ ಸಾಲು ಬರುವುದರೊಳಗೆ ಕೈ ಸುಡಬೇಕು. "ಪಾದದವರೆಗೂ ಹಿಡ್ಕೊಳ್ಳೋಕೆ ಆದ್ರೆ ಅದು ತೊಳೆದ ತಟ್ಟೆ ಅಲ್ಲ, ಬರೀ ಒದ್ದೆಯಾದ ತಟ್ಟೆ."

ಅಡುಗೆಮನೆಯಲ್ಲಿ ಎಲ್ಲರಿಗೂ ಅವರು ಗೊಗ್ಗೊ, ಅಂದರೆ ಸೋದರತ್ತೆ. ಗಂಡ ತೀರಿಕೊಂಡ ಮೇಲೆ ಈ ಆಸ್ಪತ್ರೆಯ ಗೇಟಿನಲ್ಲೇ ಅಲಸಂದೆ ವಡೆ ಕರಿದು ಮಾರುತ್ತಿದ್ದವರು, ಹದಿನೇಳು ವರ್ಷದ ಹಿಂದೆ ಒಳಗೆ ಬಂದರು. ಎರಡನೆಯ ಮಗು ಭೇದಿಯಲ್ಲಿ ಹೋಯಿತು. "ಅದರ ಮಾತು ಬೇಡ," ಎನ್ನುತ್ತಾರೆ. ನಾನೂ ಮುಂದೆ ಕೇಳುವುದಿಲ್ಲ. ದಿನಕ್ಕೆ ಒಂಬೈನೂರು ತಟ್ಟೆ, ನಾನೂರು ಬಟ್ಟಲು, ಲೆಕ್ಕವಿಲ್ಲದಷ್ಟು ಚಮಚ ಅವರ ಕೈ ದಾಟುತ್ತವೆ. ಮೊದಲು ಬೆಂಕಿ, ಹಂಡೆ, ಬೂದಿ. ಆರು ವರ್ಷದಿಂದ ಈ ಯಂತ್ರ. ಅದರ ಮೈಮೇಲೆ ಅಂಟಿಸಿದ ಬರಹ ಓದಲು ಅವರಿಗೆ ಬಾರದು. ಅದರಲ್ಲಿರುವ ಒಂದು ಅಂಕಿ ಮಾತ್ರ ಗೊತ್ತು: ಎಂಬತ್ತೆರಡು. ಕೊನೆಯ ಸಲ ಚಿಮ್ಮುವ ನೀರು ಅಷ್ಟು ಡಿಗ್ರಿ ಬಿಸಿ ಇರಬೇಕು. ಇಲ್ಲದಿದ್ದರೆ ಕಣ್ಣಿಗೆ ಕಾಣದ್ದು ತಟ್ಟೆಯ ಮೇಲೆ ಉಳಿಯುತ್ತದೆ. ಮೇಲಿನ ಮಹಡಿಯ ವಾರ್ಡಿನಲ್ಲಿ ಭೇದಿಯಿಂದ ಈಗಷ್ಟೇ ಚೇತರಿಸಿಕೊಳ್ಳುತ್ತಿರುವ ಮಕ್ಕಳು ಬೆಳಿಗ್ಗೆ ಸಜ್ಜೆ ಗಂಜಿ ಕುಡಿಯುವುದು ಇದೇ ಪಾತ್ರೆಗಳಲ್ಲಿ.

ಕಳೆದ ಚಳಿಗಾಲ, ಉತ್ತರದ ಧೂಳುಗಾಳಿ ಬೀಸಲು ತೊಡಗಿದ ಎರಡನೇ ವಾರ, ಪದ್ಯ ಪಾದದವರೆಗೂ ಹೋಯಿತು. ತಟ್ಟೆ ಅಂಗೈಯಲ್ಲಿ ಆರಾಮವಾಗಿ ಕೂತಿತ್ತು.

ಅವರು ಮೇಲ್ವಿಚಾರಕ ಮಾಲಂ ಇಲಿಯಾಸು ಅವರಿಗೆ ಹೇಳಿದರು. ಇಲಿಯಾಸು ಯಂತ್ರದ ಬಿಸಿ ತೋರಿಸುವ ಮುಳ್ಳು ನೋಡಿದರು, ಸರಿಯಾಗಿಯೇ ನಿಂತಿತ್ತು. "ಗೊಗ್ಗೊ, ಇಷ್ಟು ವರ್ಷ ಬಿಸಿನೀರಲ್ಲಿ ಅದ್ದಿ ನಿಮ್ಮ ಕೈಯೇ ಮರಗಟ್ಟಿದೆ," ಎಂದರು. ಆದರೂ ಕಾನೋ ಊರಿನಿಂದ ರಿಪೇರಿಯವನನ್ನು ಕರೆಸಿದರು.

ರಿಪೇರಿಯವ ಡಲ್ಹಾ ಬಂದದ್ದು ಬೆಳಿಗ್ಗೆ ಹತ್ತಕ್ಕೆ. ಕಾನೋದವರಿಗೂ ನಮಗೂ ಅಜ್ಜಂದಿರ ಕಾಲದಿಂದ ನಡೆದುಬಂದ ಗೇಲಿಯ ನಂಟು. ಎಷ್ಟೇ ಹೀಯಾಳಿಸಿದರೂ ಸಿಟ್ಟಾಗುವಂತಿಲ್ಲ. ಬಾಗಿಲಲ್ಲೇ ಶುರುವಾಯಿತು.

"ಏನು ಗೊಗ್ಗೊ, ಜಾರಿಯಾದಲ್ಲಿ ತಟ್ಟೆ ತೊಳೆಯೋಕೂ ಕಾನೋದ ಗಂಡಸೇ ಬರಬೇಕಾ?"

"ಬಾರಪ್ಪಾ. ನಿಮ್ಮೂರಲ್ಲಿ ತಟ್ಟೆಯನ್ನೂ ಮಾರ್ಕೊಂಡುಬಿಟ್ರಂತೆ, ಅದಕ್ಕೇ ಕೆಲಸ ಹುಡುಕ್ಕೊಂಡು ಬಂದಿದ್ದೀಯ."

ಡಲ್ಹಾ ಹೀಟರ್ ಬಿಚ್ಚಿದ. ಬೋರ್‌ವೆಲ್ ನೀರಿನ ಸುಣ್ಣ ಬೆರಳು ದಪ್ಪ ಕಟ್ಟಿತ್ತು. ಕೆರೆದ, ಆಸಿಡ್ ಹಾಕಿ ತೊಳೆದ, ಯಂತ್ರ ಓಡಿಸಿದ. ತಟ್ಟೆ ಸುಟ್ಟಿತು. ಮರುದಿನ ಮುಂಜಾನೆ ಮತ್ತೆ ತಣ್ಣಗೆ. ಎರಡನೇ ಸಲ ಬಂದು ಹೀಟರ್ ಕಾಯಿಲನ್ನೇ ಬದಲಿಸಿದ. ಆಗಲೂ ಹತ್ತು ಗಂಟೆ, ಆಗಲೂ ತಟ್ಟೆ ಸುಟ್ಟಿತು. "ಯಂತ್ರಕ್ಕೆ ನನ್ನ ಕಂಡ್ರೆ ಪ್ರೀತಿ, ನಿನ್ನ ಕಂಡ್ರೆ ಆಗಲ್ಲ," ಎಂದು ನಗುತ್ತಾ ಹೋದ.

ಅಂದಿನಿಂದ ಮುಂಜಾನೆಯ ಪಾತ್ರೆಗಳನ್ನು ತಬಾವಾ ಹಾಗೇ ಮೇಲೆ ಕಳಿಸಲಿಲ್ಲ. ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಹಂಡೆಯಲ್ಲಿ ನೀರು ಕುದಿಸಿ, ಒಂದೊಂದನ್ನೇ ಅದ್ದಿ ತೆಗೆದರು. ಗಂಜಿ ತಡವಾಯಿತು. ಹೊಗೆ ವಾರ್ಡಿಗೆ ನುಗ್ಗಿತು. ಮೂರನೇ ದಿನ ಇಲಿಯಾಸು ಕಾಗದ ಕೊಟ್ಟರು: ಮತ್ತೆ ಹೀಗಾದರೆ ಕೆಲಸಕ್ಕೆ ಬರಬೇಕಾಗಿಲ್ಲ.

"ತಗೊಂಡೆ. ಸೊಂಟಕ್ಕೆ ಸಿಕ್ಕಿಸ್ಕೊಂಡು ಇನ್ನೊಂದು ಸೌದೆ ಒಲೆಗೆ ತಳ್ಳಿದೆ," ಎನ್ನುತ್ತಾರೆ ತಬಾವಾ. "ಆ ವಾರ ಮೇಲಿನ ವಾರ್ಡಲ್ಲಿ ನಾಲ್ಕು ಮಕ್ಕಳಿಗೆ ಭೇದಿ ತಿರುಗಿ ಬಂದಿತ್ತು. ತಟ್ಟೆಯಿಂದಲೇ ಅಂತ ನಾನು ಹೇಳಲ್ಲ, ನಾನು ಡಾಕ್ಟರ್ ಅಲ್ಲ. ತಟ್ಟೆಯಿಂದ ಅಲ್ಲ ಅಂತ ಹೇಳೋಕೂ ಯಾರಿಗೂ ಧೈರ್ಯ ಇರ್ಲಿಲ್ವಲ್ಲ!"

ಬೈಯುವವರು ಬೈಯಲಿ ಎಂದು ಅವರು ಗೋಡೆಯ ಮೇಲೆ ಇದ್ದಿಲಿನಲ್ಲಿ ಗೆರೆ ಎಳೆಯಲು ತೊಡಗಿದರು. ಐದು ಹೊತ್ತಿನ ನಮಾಜಿಗೆ ಐದು ಮನೆ. ಅವರ ದಿನ ನಡೆಯುವುದೇ ಆ ಗಡಿಯಾರದಲ್ಲಿ. ತಟ್ಟೆ ತಣ್ಣಗಿದ್ದ ಹೊತ್ತಿಗೆ ಒಂದು ಗೀಟು. ಹತ್ತು ದಿನದಲ್ಲಿ ಮುಂಜಾವದ ಮನೆ ಕಪ್ಪಾಯಿತು, ಮುಸ್ಸಂಜೆಯದು ಅರೆಗಪ್ಪು. ಮಧ್ಯಾಹ್ನದ ಮನೆ ಮಾತ್ರ ಹೆಚ್ಚುಕಡಿಮೆ ಖಾಲಿ. ಅದರಲ್ಲಿ ಎರಡೇ ಎರಡು ಗೀಟು, ಎರಡೂ ಶುಕ್ರವಾರದವು.

"ಅದರ ಮುಂದೆ ಕೂತು ಯೋಚಿಸ್ದೆ. ಯಂತ್ರಕ್ಕೆ ಶುಕ್ರವಾರ ಅಂತ ಗೊತ್ತಾಗೋದು ಹೇಗೆ?"

ಯಂತ್ರಕ್ಕೆ ಗೊತ್ತಾಗುವುದಿಲ್ಲ, ಅಂಗಳಕ್ಕೆ ಗೊತ್ತಾಗುತ್ತದೆ. ಆ ಚಳಿಗಾಲದ ಮೊದಲಲ್ಲಿ ಆಸ್ಪತ್ರೆಯ ಧಣಿ ಅಲ್ಹಾಜಿ ಬರೌ ತಮ್ಮ ತಾಯಿಯ ಹೆಸರಿನಲ್ಲಿ ಅಂಗಳದಲ್ಲಿ ಒಂದು ದಾನ ಮಾಡಿದ್ದರು. ಚಳಿಯಲ್ಲಿ ನಮಾಜಿಗೆ ಕೈಕಾಲು ತೊಳೆಯುವವರಿಗೆ ಬಿಸಿನೀರಿನ ಹನ್ನೆರಡು ನಲ್ಲಿ. ಬಿಸಿಲೇರಿದ ಮೇಲೆ ಅವನ್ನು ತಿರುಗಿಸುವವರು ಕಡಿಮೆ, ಶುಕ್ರವಾರ ಮಧ್ಯಾಹ್ನದ ದೊಡ್ಡ ನಮಾಜಿಗೆ ಮಾತ್ರ ಅಂಗಳ ತುಂಬುತ್ತದೆ. ಎಲ್ಲರೂ ಹರಸಿದರು, ತಬಾವಾ ಕೂಡ. ಅದಕ್ಕೆ ಬಿಸಿನೀರು ಎಲ್ಲಿಂದ ಬರುತ್ತದೆ ಎಂದು ಯಾರೂ ಕೇಳಲಿಲ್ಲ. ದಾನದ ಮೂಲ ಕೆದಕುವುದು ನಮ್ಮಲ್ಲಿ ಸಭ್ಯತೆಯಲ್ಲ.

ಮರುದಿನ ಬಾಂಗಿನ ಹೊತ್ತಿಗೆ ಅವರು ಗೋಡೆಯ ಹಿಂದಿನ ಪೈಪುಗಳ ಮೇಲೆ ಕೈಯಾಡಿಸಿದರು. ಅಡುಗೆಮನೆಗೆ ನೀರು ಕಾಯಿಸುವ ಗೀಸರಿನಿಂದ ಬಂದ ಪೈಪು ಒಂದು ಕಡೆ ಕವಲೊಡೆದಿತ್ತು. ಬಿಸಿನೀರೆಲ್ಲ ನುಗ್ಗುತ್ತಿದ್ದ ಅಂಗಳದ ಕವಲು ಕೈ ಸುಡುತ್ತಿತ್ತು, ಸಣ್ಣಗೆ ಜಿನುಗುವ ನೀರು ದಾರಿಯಲ್ಲೇ ಆರಿ ಯಂತ್ರದ ಕವಲು ತಣ್ಣಗಿತ್ತು. ಯಂತ್ರದೊಳಗಿನ ಹೀಟರ್ ಬಿಸಿನೀರನ್ನು ಇನ್ನಷ್ಟು ಬಿಸಿ ಮಾಡಬಲ್ಲದು. ತಣ್ಣೀರನ್ನು ಮೂರು ನಿಮಿಷದ ಒಂದು ಸುತ್ತಿನೊಳಗೆ ಎಂಬತ್ತೆರಡಕ್ಕೆ ಏರಿಸುವ ತಾಕತ್ತು ಅದಕ್ಕಿಲ್ಲ. ಮುಳ್ಳು ತೋರಿಸುತ್ತಿದ್ದುದು ಕೆಳಗಿನ ಸೋಪುನೀರಿನ ತೊಟ್ಟಿಯ ಬಿಸಿ. ಕೊನೆಯ ಚಿಮ್ಮುವಿಕೆಯ ಬಿಸಿಯನ್ನು ಅದು ಎಂದೂ ತೋರಿಸಿರಲಿಲ್ಲ.

ಫೋನಿನಲ್ಲಿ ಡಲ್ಹಾ ಎಲ್ಲ ಕೇಳಿಸಿಕೊಂಡ. "ನೀನು ಹೇಳೋದು ಸರಿ ಗೊಗ್ಗೊ. ಆದ್ರೆ ಸತ್ತವರ ಹೆಸರಿನ ದಾನ ಕತ್ತರಿಸಿ ಅಂತ ಧಣಿಗೆ ನಾನು ಹೇಳಲಾ? ನಾನು ಪರವೂರಿನವನು."

"ಗೊತ್ತು ಬಿಡು. ಕಾನೋದವರ ಪೈಪಲ್ಲಿ ಬಿಸಿ ಬರೋದು ಬಾಯಿವರೆಗೆ ಮಾತ್ರ. ನಾನೇ ಹೇಳ್ತೀನಿ."

ಶುಕ್ರವಾರ ಮುಂಜಾನೆ ಅಲ್ಹಾಜಿ ನಮಾಜು ಮುಗಿಸಿ ಅಂಗಳ ದಾಟುವಾಗ ತಬಾವಾ ಅಡ್ಡ ನಿಂತರು. ಹಿಂದೆ ಇಲಿಯಾಸು, ಮುಖ ಬಿಳಿಚಿಕೊಂಡು. ತಬಾವಾ ಕೈಯಲ್ಲಿ ಆಗಷ್ಟೇ ಯಂತ್ರದಿಂದ ತೆಗೆದ ತಟ್ಟೆ.

"ಅಲ್ಹಾಜಿ, ಇದನ್ನ ಹಿಡ್ಕೊಳ್ಳಿ. ಕೈಕಾಲು ತೊಳೆಯೋ ಪದ್ಯ ಹೇಳಿ."

"ತಬಾವಾ, ಏನಿದು ಹುಡುಗಾಟ?"

"ನಿಮಗೂ ನನಗೂ ಕಲಿಸಿದ್ದು ನಿಮ್ಮ ತಾಯಿಯೇ. ಒಂದೇ ಚಾಪೆ ಮೇಲೆ ಕೂತು ಕಲಿತಿದ್ದು. ಹೇಳಿ."

ಅಲ್ಹಾಜಿ ತಟ್ಟೆ ಹಿಡಿದರು. ಕೈ, ಬಾಯಿ, ಮೂಗು, ಮುಖ. ನಲ್ಲಿಯ ಬಳಿ ಇದ್ದವರು ತಿರುಗಿ ನೋಡಿದರು. ಮೊಳಕೈ, ತಲೆ, ಕಿವಿ. ಪಾದದ ಸಾಲೂ ಮುಗಿಯಿತು.

"ತಟ್ಟೆ ಇನ್ನೂ ನಿಮ್ಮ ಕೈಯಲ್ಲೇ ಇದೆ, ಅಲ್ಹಾಜಿ. ಇದು ಸುಡಬೇಕಿತ್ತು," ಎಂದರು ತಬಾವಾ. "ನಮ್ಮನ್ನ ಶುದ್ಧ ಮಾಡ್ತಿರೋ ನೀರು ಮಕ್ಕಳ ತಟ್ಟೆಯಿಂದ ಬರ್ತಿದೆ. ನಿಮ್ಮ ತಾಯಿ ಬದುಕಿದ್ದಿದ್ರೆ ಈ ಪೈಪನ್ನ ಅವರೇ ಕಿತ್ತು ಹಾಕ್ತಿದ್ರು. ನನ್ನ ಕೆಲಸದಿಂದ ತೆಗೀತೀರಾದ್ರೆ ತೆಗೀರಿ. ಈ ತಟ್ಟೆ ಮಾತ್ರ ಮೇಲೆ ಹೋಗಲ್ಲ."

ಧಣಿ ತಟ್ಟೆಯನ್ನು ಇಲಿಯಾಸು ಕೈಗೆ ಕೊಟ್ಟು, "ನೀವೂ ಹೇಳಿ ನೋಡಿ," ಎಂದಷ್ಟೇ ಹೇಳಿ ಹೊರಟುಹೋದರು. ಮಧ್ಯಾಹ್ನದೊಳಗೆ ಅಂಗಳಕ್ಕೆ ಹೋಗುವ ಪೈಪಿನ ಕವಲು ಮುಚ್ಚಿತು.

ಈಗ ಅಂಗಳದ ನೀರು ದೊಡ್ಡ ಡ್ರಮ್ಮಿನಲ್ಲಿ ಸೌದೆ ಬೆಂಕಿಯ ಮೇಲೆ ಕಾಯುತ್ತದೆ. ಮುಂಜಾನೆ ಬಂದ ಕೂಡಲೇ ಆ ಬೆಂಕಿ ಹಚ್ಚುವವರು ತಬಾವಾ. ದಾನ ನಿಲ್ಲಬಾರದು ಎಂದು ತಾವಾಗಿಯೇ ಹೊತ್ತುಕೊಂಡ ಕೆಲಸ. ನಲ್ಲಿ ತಿರುಗಿಸಿದರೆ ಬಿಸಿ ಬರುತ್ತಿದ್ದ ಸುಖ ಹೋಯಿತೆಂದು ಗೊಣಗುವವರು ಇನ್ನೂ ಇದ್ದಾರೆ. "ತೀರಿಕೊಂಡವರ ನೀರು ಕತ್ತರಿಸಿದವಳು" ಎಂದು ಬೆನ್ನ ಹಿಂದೆ ಒಂದು ಹೆಸರೂ ಬಿದ್ದಿದೆ. "ಬೆನ್ನ ಹಿಂದೆ ಯಾಕೆ, ಮುಂದೆ ಬಂದು ಕರೀಲಿ," ಎಂದು ಅವರು ಗದರುತ್ತಾರೆ. "ಬಂದವರ ಕೈಗೆ ಒಂದು ತಟ್ಟೆ ಕೊಡ್ತೀನಿ."

ನಿಮಗೇನು ಬೇಕು ಎಂದು ಕೇಳುತ್ತೇನೆ. ಕೊನೆಯ ನೀರಿನ ಬಿಸಿ ತೋರಿಸುವ ಒಂದು ಸರಿಯಾದ ಮುಳ್ಳು ಬೇಕಂತೆ, ತಮ್ಮ ನಂತರ ಬರುವವಳ ಕೈ ಸುಡಬಾರದಂತೆ. ಡಲ್ಹಾ ತರುತ್ತೇನೆಂದು ಮಾತು ಕೊಟ್ಟಿದ್ದಾನೆ. "ಕಾನೋದವನ ಮಾತು, ನೋಡೋಣ."

ಇಲಿಯಾಸು ಕೊಟ್ಟ ಎಚ್ಚರಿಕೆಯ ಕಾಗದದ ಪ್ರತಿ ಆಸ್ಪತ್ರೆಯಲ್ಲಿರುವ ತಬಾವಾ ಕಡತದಲ್ಲಿ ಇನ್ನೂ ಇದೆ. ತೆಗೆದು ಹರಿದುಹಾಕುತ್ತೇನೆಂದು ಇಲಿಯಾಸು ಅವರೇ ಎರಡು ಸಲ ಹೇಳಿದ್ದಾರೆ. ಎರಡು ಸಲವೂ ತಬಾವಾ ಬೇಡವೆಂದಿದ್ದಾರೆ. ಅದರಲ್ಲಿ ಏನಿದೆ ಎಂದು ಅವರು ನರ್ಸಮ್ಮನಿಂದ ಮೂರು ಸಲ ಓದಿಸಿ ಕೇಳಿದ್ದಾರೆ.

"ಇರ್ಲಿ ಅದು. 'ಈಕೆ ಯಂತ್ರದಿಂದ ಬಂದ ತಟ್ಟೆಗಳನ್ನು ಮಕ್ಕಳ ವಾರ್ಡಿಗೆ ಕಳುಹಿಸಲು ಒಪ್ಪಲಿಲ್ಲ' ಅಂತ ಬರೆದು ಸಹಿ ಹಾಕಿದ್ದಾರೆ. ಹದಿನೇಳು ವರ್ಷದಲ್ಲಿ ನನ್ನ ಬಗ್ಗೆ ಇವರು ಬರೆದಿರೋ ನಿಜ ಅದೊಂದೇ."