ಸೋಮವಾರದ ಪರೀಕ್ಷೆಗೆ ಅಜ್ಜಿಯ ಒಪ್ಪಿಗೆ

ನರ್ಸಿಂಗ್ ಮುಗಿಸಿ ಕೂತಿರುವ ಗೆಳತಿಯರೇ, ದುಬೈ ಲೈಸೆನ್ಸ್ ಪರೀಕ್ಷೆಗೆ ಇವತ್ತು ದಿನ ಆರಿಸಿದೆ. ಬೆಂಗಳೂರಿನ ಕೇಂದ್ರದಲ್ಲಿ ಖಾಲಿ ಇದ್ದದ್ದು ಮುಂದಿನ ತಿಂಗಳ ಒಂದು ಸೋಮವಾರ, ಬಿಟ್ಟರೆ ದೀಪಾವಳಿ ಕಳೆದ ಮೇಲೆ. ಅಲ್ಲಿಯವರೆಗೆ ಕಾದರೆ ಓದಿದ್ದೆಲ್ಲ ಮರೆತೇ ಹೋಗುತ್ತದೆ!

ಅಜ್ಜಿ ಅಡ್ಡ ಬಂದಳು. "ಸೋಮವಾರ ಬಸವಣ್ಣನ ವಾರ. ನಮ್ಮ ಇಟ್ಟಿಗಿ ಊರಾಗ ಎತ್ತಿನ ಹೆಗಲಿಗೂ ನೊಗ ಇಡಂಗಿಲ್ಲ, ನಿನ್ನ ದುಡಿಸ್ತಾರೇನು?"

"ಅಜ್ಜೀ, ನಾ ಕುಂತು ಪರೀಕ್ಷೆ ಬರಿಯಾಕಿ, ಹೊಲ ಹೊಡಿಯಾಕಿ ಅಲ್ಲ!"

ಅಜ್ಜಿ ಎಲೆಗೆ ಸುಣ್ಣ ಹಚ್ಚುತ್ತ ಯೋಚಿಸಿದಳು. "ಹಂಗಾರ ಸೋಮವಾರನ ಛಲೋ ಬಿಡು. ಹೊಲದ ಕೆಲಸ ಇರಂಗಿಲ್ಲ, ಎಲ್ಲಾರೂ ನಿನ್ನ ಕೂಡ ಬರ್ತೀವಿ."

ಬುಕ್ ಮಾಡಿಬಿಟ್ಟೆ. ಅಪ್ಪ ಆಗಲೇ ಬೆಂಗಳೂರಿಗೆ ಕ್ರೂಸರ್ ಗಾಡಿ ಬಾಡಿಗೆಗೆ ಹೇಳಿ ಬಂದಿದ್ದಾರೆ. ಆ ಸೋಮವಾರ ನಮ್ಮ ಮನೆಯಲ್ಲಿ ನಿಜವಾದ ವಿಶ್ರಾಂತಿ ಎತ್ತುಗಳಿಗೆ ಮಾತ್ರ.