ಹದ ಮಾಡಿದ ನೀರು

ಮೊದಲು ತಲೆನೋವು ಎಂದಳು. ಸ್ಕೂಲು ತಪ್ಪಿಸಲು ನೆಪ ಎಂದುಕೊಂಡು ಗದರಿದೆ. ಮೂರನೇ ದಿನ ಹಣೆ ಮುಟ್ಟಿದರೆ ಕೈ ಸುಡುತ್ತಿತ್ತು. ನನ್ನ ಮಗಳು ಮಂಜುಳಾಗೆ ಎಂಟು ವರ್ಷ. ಕವಲಂದೆಯಲ್ಲಿ ಬಸ್ಸು ಹತ್ತಿಸಿ ನಂಜನಗೂಡಿನ ಆಸ್ಪತ್ರೆಗೆ ಕರೆದೊಯ್ದೆವು. ಬ್ಲಡ್ ಟೆಸ್ಟ್ ಮಾಡಿಸಿದರು.

ಟೈಫಾಯ್ಡ್.

ಯಾವ ನೀರು ಕುಡಿಯುತ್ತೀರಿ ಎಂದು ಡಾಕ್ಟರು ಕೇಳಿದಾಗ ನನಗೆ ಅವಮಾನವಾಯಿತು. ನಮ್ಮ ಬಾವಿಯ ನೀರು ಸಿಹಿ, ತಳದ ಕಲ್ಲು ಕಾಣುವಷ್ಟು ತಿಳಿ. ಬೇಳೆ ಬೆಣ್ಣೆಯಂತೆ ಬೇಯುತ್ತದೆ. ಹೋದ ವರ್ಷ ಹಾಕಿಸಿದ ಬೋರ್‌ವೆಲ್ ನೀರು ಉಪ್ಪೆಂದು ನಾವು ಪಾತ್ರೆ ತೊಳೆಯಲಷ್ಟೇ ತರುತ್ತೇವೆ. ಬಾವಿ ನೀರನ್ನು ಮೂರು ಮಡಿಕೆ ಬಟ್ಟೆಯಲ್ಲಿ ಸೋಸಿಯೇ ಕೊಡ ತುಂಬುವವಳು ನಾನು. ಕಾಸಿದ ನೀರು ನಮ್ಮ ಮನೆಯಲ್ಲಿ ಬಾಣಂತಿಯರಿಗೆ ಮಾತ್ರ.

ದಿನಾ ಕಾಸಿ ಕುಡಿಯುತ್ತಿದ್ದವಳು ಒಬ್ಬಳೇ, ಗೋಡೆಯಾಚೆಯ ನನ್ನ ವಾರಗಿತ್ತಿ ರತ್ನ. ನರಸೀಪುರದವಳು, ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಖಾಯಂ ಬಾಣಂತಿ ಎಂದು ನಾನೂ ಅತ್ತೆಯೂ ಆಡಿಕೊಂಡು ನಗುತ್ತಿದ್ದೆವು. ಅವಳ ಇಬ್ಬರು ಗಂಡುಮಕ್ಕಳಿಗೆ ನೆಗಡಿಯೂ ಬರುತ್ತಿರಲಿಲ್ಲ.

ಒಂದೇ ಬಾವಿ. ಮಲಗಿದ್ದು ನನ್ನ ಮಗಳು.

ಹೇಳಿಬಿಡುತ್ತೇನೆ. ವಾರ್ಡಿನಲ್ಲಿ ಮಗಳ ಕಾಲು ಒತ್ತುತ್ತಾ, ರತ್ನನ ಮಕ್ಕಳಲ್ಲಿ ಒಬ್ಬನಿಗಾದರೂ ಜ್ವರ ಬರಲಿ ಎಂದುಕೊಂಡೆ. ಸಾಯಲಿ ಅಂತಲ್ಲ. ಎರಡು ದಿನ ನರಳಲಿ, ಅವಳ ಜಂಬ ಇಳಿಯಲಿ, ಅಷ್ಟೇ.

ಹತ್ತು ದಿನಕ್ಕೆ ಜ್ವರ ಬಿಟ್ಟಿತು. ನೀರು ಕುದಿಸಿಯೇ ಕೊಡಿ ಎಂದು ಹೇಳಿ ಮನೆಗೆ ಕಳಿಸಿದರು. ಹೇಗೆಂದು ರತ್ನನನ್ನು ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ. ಅವಳಿಗಿಂತ ದೊಡ್ಡ ಪಾತ್ರೆಯಲ್ಲಿ, ಅವಳಿಗಿಂತ ಹೆಚ್ಚು ಹೊತ್ತು ಕುದಿಸಿದೆ, ನಮ್ಮ ಒಲೆಯ ಹೊಗೆ ಗೋಡೆಯಾಚೆಗೂ ಕಾಣಲಿ ಎಂದು. ಆದರೆ ಮಗಳು ಬಾಯಾರಿ ಅಳುವಾಗ ಅದು ಆರುವವರೆಗೆ ಹೇಗೆ ಕಾಯುವುದು? ಸ್ನಾನಕ್ಕೆ ಹದ ಮಾಡುವ ಹಾಗೆ, ಕೊಡದಿಂದ ಅರ್ಧ ಚೊಂಬು ತಣ್ಣೀರು ಬೆರೆಸಿ ಕುಡಿಸಿದೆ.

ಎರಡು ವಾರಕ್ಕೆ ಜ್ವರ ಮರಳಿತು. ಈ ಸಲ ಭೇದಿಯೂ ಸೇರಿತು. ಕಣ್ಣು ಗುಳಿಬಿದ್ದವು. ಗ್ಲೂಕೋಸ್ ಏರಿಸಲು ನರವೇ ಸಿಗಲಿಲ್ಲ. ಉಳಿಯುತ್ತಾಳಾ ಎಂದು ಕೇಳಿದ್ದಕ್ಕೆ ಡಾಕ್ಟರು, ಕುದಿಸಿದ ನೀರೇ ಕೊಟ್ಟಿರಾ ಎಂದರು. ಹೌದೆಂದು ಆಣೆ ಮಾಡಿದೆ.

ಮರುದಿನ ರತ್ನ ಗಂಜಿ ಹಿಡಿದು ವಾರ್ಡಿಗೆ ಬಂದಳು. ನಾನು ಬಿಸಿನೀರಿಗೆ ನಲ್ಲಿ ನೀರು ಬೆರೆಸುತ್ತಿದ್ದೆ. ಲೋಟ ಕಸಿದುಕೊಂಡಳು. ಇಲ್ಲಿಯೂ ಬಂದು ದೊಡ್ಡಸ್ತಿಕೆ ತೋರಿಸುತ್ತಾಳಲ್ಲ ಎಂದು ನನಗೆ ಮೈ ಉರಿಯಿತು.

“ಅಕ್ಕಾ, ಮನೇಲೂ ಇಂಗೇ ತಣ್ಣೀರ್ ಬೆರಸ್ತಿದ್ಯಾ?”

ಬಾಯಿ ಸುಡುತ್ತದೆ ಎಂದು ಮಗು ಅಳುತ್ತಿತ್ತು ಎಂದೆ.

ಅವಳು ಮಂಚದ ಪಕ್ಕ ನೆಲದ ಮೇಲೆ ಕೂತಳು. “ನಾನೂ ಇಂಗೇ ಮಾಡ್ದೆ ಕಣಕ್ಕ, ಮೊದಲ್ನೇ ಮಗೀಗೆ. ಡಾಕ್ಟ್ರು ಕಾಸಿ ಕೊಡು ಅಂದಿದ್ರು. ಕಾಸಿ, ಆಮೇಲೆ ತಣ್ಣೀರ್ ಬಿಟ್ಟೆ. ಯಾರ್ಗೂ ಏಳಿಲ್ಲ.”

ಅವಳ ಮೊದಲ ಹೆಣ್ಣುಮಗು ತವರಿನಲ್ಲಿ ಭೇದಿಯಾಗಿ ತೀರಿಕೊಂಡದ್ದು ನಮಗೆಲ್ಲ ಗೊತ್ತಿತ್ತು. ದೃಷ್ಟಿ ತಾಗಿತು ಎಂದು ಅತ್ತೆ ಹೇಳಿದ್ದನ್ನೇ ನಾವು ನಂಬಿದ್ದೆವು. ಅವಳು ದಿನಾ ನೀರು ಕಾಸುವುದು ಏತಕ್ಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಡಾಕ್ಟರಿಗೆ ನಾನೇ ಹೋಗಿ ನಿಜ ಹೇಳಿದೆ. ಕುದಿಸಿದ್ದನ್ನು ಮುಚ್ಚಿಟ್ಟು ತಾನಾಗಿ ಆರಲು ಬಿಡಬೇಕು, ಕೈ ಅದ್ದದೆ ಸೌಟಿನಲ್ಲಿ ತೆಗೆಯಬೇಕು ಎಂದು ರತ್ನ ಕಲಿಸಿದಳು. ಆಸ್ಪತ್ರೆಯಲ್ಲಿ ಇನ್ನೂ ಹದಿನೆಂಟು ದಿನ ಕಳೆದೆವು.

ಮಂಜುಳಾ ಉಳಿದಳು. ಮೊನ್ನೆ ಗೋಡೆ ಹಿಡಿಯದೆ ಬಾಗಿಲವರೆಗೆ ನಡೆದಳು. ಹೊಟ್ಟೆಕಿಚ್ಚು ಪೂರ್ತಿ ಹೋಯಿತೆಂದರೆ ಸುಳ್ಳು. ರತ್ನನ ಮಕ್ಕಳು ಬೀದಿಯಲ್ಲಿ ಓಡುವಾಗ ಈಗಲೂ ಎದೆ ಚುರುಕ್ ಎನ್ನುತ್ತದೆ.

ನಿನ್ನೆ ಅವಳು ಬಂದು, ಜ್ವರಕ್ಕೆ ಕೂದಲು ಉದುರಿದ ನನ್ನ ಮಗಳ ತಲೆಗೆ ಎಣ್ಣೆ ಹಚ್ಚಿದಳು. ಹಚ್ಚಿ ಮುಗಿದ ಮೇಲೂ ಕೈ ತೆಗೆಯಲಿಲ್ಲ. ನಾನು ನೋಡುತ್ತಾ ಕೂತೆ. ಇಬ್ಬರೂ ಮಾಡಿದ್ದು ಒಂದೇ ತಪ್ಪು. ಮಗಳು ಉಳಿದದ್ದು ನನಗೆ. ಹೊಟ್ಟೆ ಉರಿಯಬೇಕಾದದ್ದು ಅವಳಿಗೆ.